ತೂತಿಲ್ಲದ ಬಟ್ಟಲು

ಅಂಬುಜಾಕ್ಷಮ್ಮನವರು ಮೇಜಿನ ಮೇಲೊಂದು ಗಾಜಿನ ಬಟ್ಟಲಿಟ್ಟು, ಕಳ್ಳಿಯನ್ನೂ ಜರಿಗಿಡವನ್ನೂ ಒಟ್ಟಿಗೇ ನೆಟ್ಟು ಪುಟ್ಟ ತೋಟ ಮಾಡಿದರು. ಬೆಳಗಿನ ಕಾಫಿಯಾದ ಮೇಲೆ ದಿನಾ ಒಂದು ಲೋಟ ನೀರೆರೆದರು.

“ಬಟ್ಟಲೇ, ನನ್ನ ಬೇರು ಕೊಳೆಯುತ್ತಿದೆ. ನೀರನ್ನು ಹೊರಗೆ ಬಿಡು,” ಎಂದು ಕಳ್ಳಿ ಬೇಡಿತು.

“ನನಗೆ ತೂತಿಲ್ಲ. ಮೇಜು ಒದ್ದೆಯಾಗಬಾರದೆಂದೇ ನನ್ನನ್ನು ತಂದಿದ್ದಾರೆ,” ಎಂದಿತು ಬಟ್ಟಲು.

“ನೀರೆರೆಯುವ ಕೈಯನ್ನೇ ದೂರುತ್ತೀಯಾ? ನಿನಗೆ ಬೇಡದಿದ್ದರೆ ಸುಮ್ಮನಿರು, ನನಗೆ ಬೇಕು,” ಎಂದು ಜರಿಗಿಡ ಗದರಿತು.

ಕೆಲವೇ ದಿನಗಳಲ್ಲಿ ಕಳ್ಳಿ ಮೆತ್ತಗಾಗಿ ವಾಲಿ ಬಿದ್ದು ಸತ್ತಿತು.

“ಅಯ್ಯೋ ಪಾಪ, ನೀರು ಸಾಲಲಿಲ್ಲವೇನೋ!” ಎಂದ ಅಂಬುಜಾಕ್ಷಮ್ಮ ಮರುದಿನದಿಂದ ಎರಡು ಲೋಟ ಎರೆದರು.

ಜರಿಗಿಡದ ಬೇರೂ ಕಪ್ಪಾಯಿತು. “ಬಟ್ಟಲೇ, ಸಾಕು! ಹೊರಗೆ ಬಿಡು!” ಎಂದು ಅದು ಕೂಗಿತು.

“ನನಗೆ ತೂತಿಲ್ಲ,” ಎಂದಿತು ಬಟ್ಟಲು.

ಜರಿಗಿಡವೂ ಸತ್ತಿತು. ಮೇಜಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.