ನರಿಯ ತಲೆಯೊಳಗಿನ ಕಣ

ಒಂದು ಕಾಡಿನಲ್ಲಿ ಹೊನ್ನವ್ವ ಎಂಬ ಕಾಡುಕೋಳಿ ಪೊದೆಯ ಬುಡದಲ್ಲಿ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಬೇಸಿಗೆ ಬೇರೆ, ಹೊಳೆ ದೂರ. ತಾಯಿ ನೀರಿಗೆ ಹೋದರೆ ಸರದಿಯಲ್ಲಿದ್ದವರೇ ಗೂಡು ಕಾಯಬೇಕು, ಅದು ಆ ಕಾಡಿನ ಕಟ್ಟಳೆ. ಜಂಬಣ್ಣ ಎಂಬ ನರಿ ಮಾತ್ರ ತನ್ನ ಸರದಿ ಬಂದಾಗಲೆಲ್ಲ ಹೊಟ್ಟೆನೋವೆಂದು ಜಾರಿಕೊಳ್ಳುತ್ತಿತ್ತು. ಅಂದು ತನ್ನ ಸರದಿಗೆ ಕರೆಯದೆಯೇ ಬಂದು ನಿಂತಿತು. ಹೊನ್ನವ್ವ ರೆಕ್ಕೆ ಹರಡಿ ಮೊಟ್ಟೆಗಳನ್ನು ಮುಚ್ಚಿಕೊಂಡಿತು.

"ಹೆದರಬೇಡ ಅಕ್ಕಾ, ಇವತ್ತು ಗೂಡು ನಾನೇ ಕಾಯ್ತೀನಿ," ಎಂದಿತು ನರಿ. "ಕಾಡಂಚಿನ ಡೇರೆಯಲ್ಲಿ ವಿಜ್ಞಾನಿಗಳು ಮಾತಾಡ್ತಿದ್ದರು. ಮಿದುಳಿನೊಳಗೆ ಕ್ವಾಂಟಮ್ ಆಟ ನಡೀತದಂತೆ. ಅಲ್ಲಿನ ಕಣ ಒಂದೇ ಹೊತ್ತಿಗೆ ಎರಡು ಕಡೆ ಇರ್ತದೆ. ನನ್ನ ಮನಸ್ಸೂ ಹಾಗೇ. ಮೊಟ್ಟೆ ತಿನ್ನಬೇಕು ಅಂತ ಅರ್ಧ, ತಿನ್ನಬಾರದು ಅಂತ ಅರ್ಧ. ಎರಡೂ ಸಮ ಇದ್ದರೆ ಬಾಯಿ ಅಲ್ಲಾಡೋದಿಲ್ಲ. ಯಾರಾದರೂ ನೋಡಿದರೆ ಮಾತ್ರ ಆಟ ಕೆಡ್ತದೆ. ಅದಕ್ಕೇ ನೀವೆಲ್ಲ ದೂರ ಹೋಗಿಬಿಡಿ."

ವಿಜ್ಞಾನಿಗಳು ಹೇಳಿದ್ದು, 'ಹೀಗೂ ಇರಬಹುದು, ಇನ್ನೂ ಗೊತ್ತಿಲ್ಲ' ಎಂದು. ಆ ಕೊನೆಯ ಮಾತನ್ನು ನರಿ ಡೇರೆಯ ಹತ್ತಿರವೇ ಬಿಟ್ಟು ಬಂದಿತ್ತು. ಸುತ್ತ ನೆರೆದಿದ್ದ ಮೊಲ, ಜಿಂಕೆ, ಕರಡಿ ಎಲ್ಲವೂ ಗಂಭೀರವಾಗಿ ತಲೆಯಾಡಿಸಿದವು. ದೊಡ್ಡ ಮಾತಿಗೆ ತಲೆಯಾಡಿಸದಿದ್ದರೆ ದಡ್ಡರೆಂದುಬಿಡುತ್ತಾರಲ್ಲ.

ಹೊನ್ನವ್ವನ ಗಂಟಲು ಒಣಗಿತ್ತು. ಹೋದರೆ ಮೊಟ್ಟೆ ಉಳಿಯುವುದಿಲ್ಲ, ಹೋಗದಿದ್ದರೆ ಜೀವ ಉಳಿಯುವುದಿಲ್ಲ. ಅದು ನರಿಯ ಬಾಯಿಯಿಂದ ಇಳಿಯುತ್ತಿದ್ದ ಜೊಲ್ಲನ್ನು ನೋಡಿತು.

"ದೂರ ಹೋದರೂ ಗಿಳಿ ನೋಡೀತು, ಇರುವೆ ನೋಡೀತು," ಎಂದಿತು ಹೊನ್ನವ್ವ. "ಪೊದೆಯಾಚೆ ಇರೋ ಆ ಗವಿಯೊಳಗೆ ಕೂತುಬಿಡು ಜಂಬಣ್ಣ. ಯಾರ ಕಣ್ಣೂ ಬೀಳೋದಿಲ್ಲ."

"ಗವಿಯಲ್ಲಿ ಕೂತು ಗೂಡು ಕಾಯೋದು ಹೇಗಕ್ಕಾ?"

"ಒಂದೇ ಹೊತ್ತಿಗೆ ಎರಡು ಕಡೆ ಇರೋ ತಲೆ ನಿಂದು. ಅಲ್ಲೂ ಇರು, ಇಲ್ಲೂ ಇರು."

ಕಾಡೇ ನೋಡುತ್ತಿತ್ತು. ಆಗುವುದಿಲ್ಲ ಎಂದರೆ ಮಾನ ಹೋಗುತ್ತದೆ. ನರಿ ಬಾಲ ಮುದುರಿಕೊಂಡು ಗವಿ ಹೊಕ್ಕಿತು. ಕರಡಿ ಗವಿಯ ಬಾಯಿಗೆ ಬಂಡೆ ಉರುಳಿಸಿತು. ಹೊನ್ನವ್ವ ಹೊಳೆಗೆ ಹೋಗಿ ಹೊಟ್ಟೆ ತುಂಬ ನೀರು ಕುಡಿದು ಬಂತು. ಕಳ್ಳನೇ ಗವಿಯೊಳಗಿದ್ದ ಮೇಲೆ ಗೂಡಿಗೆ ಬೇರೆ ಕಾವಲು ಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ನರಿ ಊಳಿಡತೊಡಗಿತು. "ಬಂಡೆ ತೆಗೆದು ನೋಡಿದರೆ ನಿನ್ನ ಆಟ ಕೆಡ್ತದಲ್ಲಪ್ಪ," ಎಂದು ಕರಡಿ ಆರಾಮವಾಗಿ ಮೈ ಕೆರೆದುಕೊಂಡಿತು.

ಸಂಜೆಗೆ ಹೊನ್ನವ್ವ ಗೂಡಿನಿಂದಲೇ ಕೂಗಿ ಕೇಳಿತು. "ಜಂಬಣ್ಣ, ಈಗ ಒಳಗಿದ್ದೀಯೋ, ಹೊರಗಿದ್ದೀಯೋ?"

"ಒಳಗೇ ಇದ್ದೀನಿ ತಾಯಿ," ಎಂದಿತು ನರಿ, ಅಳುವ ದನಿಯಲ್ಲಿ. "ಪೂರ್ತಿ ಒಳಗೇ ಇದ್ದೀನಿ."

ನೀತಿ: ತಿಳಿದವರು 'ಇರಬಹುದು' ಎಂದದ್ದನ್ನು 'ಇದೆ' ಎಂದು ಹೇಳಿ ಊರನ್ನು ನಂಬಿಸಲು ಹೊರಟವನು, ಕೊನೆಗೆ ತಾನೇ ಅದನ್ನು ನಂಬಿ ಬದುಕಬೇಕಾಗುತ್ತದೆ.