ಜಟ್ಟು ದೋಣಿ ಮುಳುಗಿಸಿದ್ದು

ಹೊಳೆ ಹೋಗಿ ಕಡಲಿಗೆ ಬೀಳೂ ಅಳಿವೆ ಬಾಯಲ್ಲಿ ಬೊಮ್ಮಯ್ಯಜ್ಜನ ಚಪ್ಪರ. ಚಪ್ಪರ ಅಂದ್ರೆ ನಾಲ್ಕು ಕಂಬ, ಮೇಲೆ ತೆಂಗಿನ ಮಡಲು, ಕೆಳಗೆ ಒಂದು ಚಾಪೆ. ಊರವರು ಅದಕ್ಕೆ ಆಶ್ರಮ ಅಂತಿದ್ರು. ನಗಾಡಿಕೊಂಡೇ ಅಂತಿದ್ರು. ಆದ್ರೆ ದೋಣಿ ಕೆಟ್ಟಾಗ ಅಲ್ಲಿಗೇ ಓಡ್ತಿದ್ರು.

ದೋಣಿ ನಡೆಸೂ ತಾಂಡೇಲ ಅಂದ್ರೆ ಅವನು. ಅಂಥವ ಈ ಕಡಲ ಕರೇಲಿ ಹಿಂದೆ ಹುಟ್ಲಿಲ್ಲ, ಮುಂದೆ ಹುಟ್ಟೂದೂ ಇಲ್ಲ. ಅಲ್ಲ ಅನ್ನೋರಿದ್ರೆ ಎದುರಿಗೆ ಬಂದು ಹೇಳ್ಲಿ ನೋಡುವ.

ಪುಸ್ತಕ ಓದಿದವ್ರು ಗುರು ಅಂದ್ರೆ ಗಡ್ಡ, ಕಾವಿ ಅಂತ ತಿಳ್ಕೊಂಡಿರ್ತಾರೆ. ಇವನಿಗೆ ಗಡ್ಡ ಇರ್ಲಿಲ್ಲ. ಹಲ್ಲೂ ಇರ್ಲಿಲ್ಲ. ಎಲೆ ಅಡಿಕೆ ಕುಟ್ಟಿ ಬಾಯಿಗೆ ಹಾಕ್ಕೊಂಡು ಕೂತ್ರೆ, ಕೇಳಿದ್ದಕ್ಕೆ ನೆಟ್ಟಗೆ ಉತ್ರ ಕೊಟ್ಟ ದಿನ ಇಲ್ಲ.

ಚೌತಿ ಕಳೆದ ಮಾರನೇ ವಾರ ಜಟ್ಟು ಅವನ ಹತ್ರ ಬಂದ.

"ಅಜ್ಜಾ, ನಂಗೆ ಕಲಿಸ್ಬೇಕು."

"ಎಂತ ಕಲಿಸೂದು?"

"ನಮ್ಮ ಅಪ್ಪನ ಅಪ್ಪನ ಹಾಯಿದೋಣಿ ಉಂಟಲ್ಲ, ಅದನ್ನ ರಿಪೇರಿ ಮಾಡ್ಬೇಕು."

"ಆ ಕೋಳಿಗೂಡಾ?"

ಜಟ್ಟು ತಲೆ ತಗ್ಗಿಸ್ದ. ಹದಿನಾರು ಮೊಳದ ದೋಣಿ. ಹನ್ನೊಂದು ವರ್ಷದಿಂದ ಕೊಟ್ಟಿಗೇಲಿ ದಿಮ್ಮಿ ಮೇಲೆ ಕೂತಿತ್ತು. ಒಳಗೆ ಕೋಳಿ ಮೊಟ್ಟೆ ಇಡ್ತಿದ್ವು.

"ರಿಪೇರಿ ಮಾಡಿ ಎಲ್ಲಿಗೆ ಹೋಗ್ತೀಯಾ? ಬಲೆ ಬೀಸೂಕಾ?"

"ಅಲ್ಲ ಅಜ್ಜಾ. ದಡ ಕಾಣದ ಕಡೆಗೆ. ಸುತ್ತ ನೀರೇ ಇರ್ಬೇಕು. ದ್ವೀಪದ ತನಕ ಹೋಗಿ, ಮಳೆ ಹಿಡಿಯೂ ಮೊದ್ಲು ತಿರುಗಿ ಬರೂದು. ಹೆಂಡ್ತಿ, ಮಗಳು, ನಾನು. ಮೂರೇ ಜನ."

"ಎಂತಕ್ಕೆ?"

"ಹೆಂಗಿರ್ತದೆ ಅಂತ ನೋಡೂಕೆ."

ಅಜ್ಜ ಅಗಿಯೂದು ನಿಲ್ಲಿಸ್ದ. ಅಲ್ಲೀವರೆಗೆ ಬಂದವ್ರೆಲ್ಲ ಮೀನಿಗೆ ಅಂತ ಬಂದವ್ರೇ. ನೋಡೂಕೆ ಅಂತ ಬಂದವ ಇವನೊಬ್ಬ.

"ಮನೇವ್ರು ಬರ್ತೇವೆ ಅಂದ್ರಾ?"

"ಮಗಳು ಗಿರಿಜೆ ಆಗ್ಲೇ ಬಟ್ಟೆ ಗಂಟು ಕಟ್ಟಿದಾಳೆ. ಅವಳವ್ವಂದೇ ಕಷ್ಟ. ದೋಣಿ ಒಳಗೆ ಒಂದು ಹನಿ ನೀರು ಕಂಡ್ರೂ ಕಾಲಿಡೂದಿಲ್ಲ ಅಂದ್ಲು ಮಂಕಾಳಿ. ಅವಳು ಬರ್ದಿದ್ರೆ ನಾನೂ ಹೋಗೂದಿಲ್ಲ ಅಜ್ಜಾ. ದೋಣಿ ಕೋಳಿಗೇ ಇರ್ಲಿ."

"ಹೌದಾ. ಹಂಗಾರೆ ಈಗ ಕೋಳಿಗೆ ಬೇರೆ ಮನೆ ನೋಡು, ತಮಾ."

ಕೆಲ್ಸ ಶುರುವಾಯ್ತು. ಅಜ್ಜ ಮರದ ಕೊಡತಿ ಹಿಡ್ಕೊಂಡು ಒಂದೊಂದು ಹಲಗೆಗೂ ಬಡಿದ. ಗಟ್ಟಿ ದನಿ ಕೊಟ್ಟದ್ದು ಉಳೀತು. ಬದ್ ಅಂತ ಪೊಳ್ಳು ದನಿ ಕೊಟ್ಟದ್ದು ಸೌದೆಗೆ ಹೋಯ್ತು. ಏಳು ಹಲಗೆ ಹೊಸದು ಬಂತು.

ಗಿರಿಜೆಗೆ ಹದಿನಾಲ್ಕು ವರ್ಷ. ಹಲಗೆ ಸಂದಿಗೆ ತುಂಬೂ ಹತ್ತೀನ ತೊಡೆ ಮೇಲೆ ಹೊಸೆದು ಹೊಸೆದು ಹಗ್ಗ ಮಾಡ್ತಿದ್ಲು. ಮಂಕಾಳಿ ಕಟ್ಟೆ ಮೇಲೆ ಕೂತು ಹಾಯಿ ಹೊಲೀತಿದ್ಲು.

"ಹೊಲಿಯೂದು ಬೇರೆ, ಹತ್ತೂದು ಬೇರೆ. ಈಗ್ಲೇ ಹೇಳಿದ್ದೇನೆ," ಅಂತ ದಿನಕ್ಕೊಂದ್ಸಲ ಅಂತಿದ್ಲು.

"ಅಜ್ಜಾ, ದಡ ಕಾಣದ ಕಡೆ ಕಾಗೆ ಇರ್ತದಾ?" ಅಂತ ಗಿರಿಜೆ ಕೇಳಿದ್ಲು.

ಅಜ್ಜ ಮೂವತ್ತೇಳು ಸಲ ಆ ಕಡೆ ಹೋಗಿ ಬಂದವ. ತುಂಬಾ ಹೊತ್ತು ಯೋಚ್ನೆ ಮಾಡ್ದ.

"ನೋಡೂಕೇ ಮರ್ತೆ. ಹೋದವಳು ನೋಡ್ಕೊಂಡು ಬಂದು ನಂಗೂ ಹೇಳು."

ಜಟ್ಟು ಸಂದಿಗೆ ಹತ್ತಿ ಇಟ್ಟು, ಉಳಿ ಹಿಡಿದು, ಕೊಡತೀಲಿ ಬಡಿದು ಬಡಿದು ತುರುಕ್ತಿದ್ದ. ಅಜ್ಜ ಬಂದು ಅಷ್ಟನ್ನೂ ಎಳೆದು ಹೊರಗೆ ಹಾಕ್ದ.

"ಇಷ್ಟು ಬಿಗಿ ಎಂತಕ್ಕೆ? ಸ್ವಲ್ಪ ಜಾಗ ಬಿಡು."

"ಜಾಗ ಯಾರಿಗೆ ಅಜ್ಜಾ?"

"ಬರೋರಿದಾರೆ."

"ಯಾರು ಬರೂದು?"

ಅಜ್ಜ ಹೊಳೆ ಕಡೆ ತಿರುಗಿ ಎಲೆರಸ ಉಗಿದ. ಅಷ್ಟೇ ಉತ್ರ.

ಮೂರು ತಿಂಗಳು ಕಳೀತು. ಮೀನೆಣ್ಣೆ ಕುಡಿದು ದೋಣಿ ಮಿರಮಿರ ಅಂತಿತ್ತು. ದಿಮ್ಮಿ ಮೇಲೆ ಉರುಳಿಸಿ ಹೊಳೆಗೆ ಇಳಿಸಿದ್ರು. ಇಳಿಸಿದ್ದೇ ತಡ, ಎಲ್ಲಾ ಸಂದಿನಿಂದ ನೀರು ನುಗ್ತು. ಜರಡೆ ಇಳಿಸಿದ್ರೂ ಅಷ್ಟು ಬೇಗ ತುಂಬ್ತಿರ್ಲಿಲ್ಲ.

ಮಂಕಾಳಿ ದಡದಲ್ಲಿ ನಿಂತು ನೋಡಿದ್ಲು. ಹಾಯಿ ಮಡಚಿದ್ಲು, ಸೂಜಿ ಸೆರಗಿಗೆ ಸಿಕ್ಕಿಸ್ಕೊಂಡ್ಲು, ಮನೆಗೆ ನಡೆದ್ಲು. ಸಂಜೆ ಬಸ್ಸಿಗೆ ಮಗಳನ್ನ ಕರ್ಕೊಂಡು ತಂಗಿ ಬಾಣಂತನಕ್ಕೆ ಅಂತ ತವರಿಗೆ ಹೋದ್ಲು.

ಜಟ್ಟು ಚಪ್ಪರಕ್ಕೆ ಓಡಿ ಬಂದ.

"ಅಜ್ಜಾ, ಎಲ್ಲಾ ಸೋರ್ತದೆ! ಎಂತ ಮಾಡ್ಲಿ?"

"ಮುಳುಗಿಸು."

"ಎಂತದು?"

"ಬುಡದ ಬಿರಡೆ ಕೀಳು. ಒಳಗೆ ಕಲ್ಲು ಹೇರು. ಎದೆಮಟ್ಟ ನೀರಲ್ಲಿ ಪೂರಾ ಮುಳುಗಿಸು. ಒಂಬತ್ತು ದಿನ ಆ ಕಡೆ ತಲೆ ಹಾಕ್ಬೇಡ."

"ಮೂರು ತಿಂಗಳು ಬೆವರು ಸುರಿಸಿ ಮಾಡಿದ್ದನ್ನ ಮುಳುಗಿಸೂದಾ? ಮಂಕಾಳಿ ನೋಡಿದ್ರೆ ಎಂತ ಅಂತಾಳೆ?"

"ಅವಳು ಬಂದ್ಮೇಲೆ ಮುಳುಗಿಸು. ಅವಳೆದುರಿಗೇ."

ಜಟ್ಟು ತಲೆ ಆಡಿಸಿ ಹೋದ. ಹೋದವ ದಾರೀಲಿ ಮನಸ್ಸು ತಿರುಗಿಸ್ದ. ಮುದುಕನಿಗೆ ಮರುಳು ಅಂದ್ಕೊಂಡ. ದೋಣೀನ ಮತ್ತೆ ಕೊಟ್ಟಿಗೆಗೆ ಎಳೆಸ್ದ. ಪೇಟೆಗೆ ಹೋಗಿ ಎರಡು ಡಬ್ಬಿ ಬೆರೆಸಿ ಕಲಸೂ ಅಂಟು ತಂದ. ಒಣಗಿದ್ರೆ ಕಲ್ಲು, ಅಂಥಾ ಅಂಟು. ಅಜ್ಜ ಬಿಡು ಅಂದ ಜಾಗ ಉಂಟಲ್ಲ, ಒಂದು ಸಂದೂ ಬಿಡದೆ ತುಂಬಿಸ್ದ. ಮೇಲಿಂದ ಬಣ್ಣ ಹೊಡೆದ.

ಎಂಟನೇ ದಿನ ಮಂಕಾಳಿ ಬಂದ್ಲು. ದೋಣಿ ಹೊಳೇಲಿ ತೇಲ್ತಾ ಇತ್ತು. ಸೊಂಟ ಬಗ್ಗಿಸಿ ಅಡಿ ಹಲಗೆಗೆ ಕೈ ಒತ್ತಿ ನೋಡಿದ್ಲು. ಅಂಗೈ ಒಣ.

"ಹ್ವಾಯ್, ಎಂತ ಮಾಡಿದ್ರಿ ಇದಕ್ಕೆ?"

"ಅಜ್ಜ ಹೇಳ್ದಂಗೆ ಮಾಡ್ದೆ. ಮುಳುಗಿಸಿಟ್ಟೆ. ಸರಿ ಆಯ್ತು."

ಮಾತು ಅಷ್ಟು ಸಲೀಸಾಗಿ ಬಾಯಿಂದ ಬಿತ್ತು ನೋಡಿ, ಅವನಿಗೇ ಆಶ್ಚರ್ಯ.

ಮಂಕಾಳಿ ನಕ್ಕಳು. ಮೂರು ತಿಂಗಳಲ್ಲಿ ನಕ್ಕದ್ದು ಅದೇ ಮೊದ್ಲು. ಒಂದು ಡಬ್ಬಿ ಉಪ್ಪಿನಕಾಯಿ ತಕ್ಕೊಂಡು ಸೀದಾ ಚಪ್ಪರಕ್ಕೆ ಹೋದ್ಲು. ಹಿಂದಿಂದ ಜಟ್ಟು, ಕಾಲು ಎಳೀತಾ.

"ಅಜ್ಜಾ, ನೀವು ಮುಳುಗಿಸು ಅಂದ್ರಂತೆ. ಇವ್ರು ಮುಳುಗಿಸಿದ್ರಂತೆ. ಈಗ ಒಂದು ಹನಿ ಇಲ್ಲ. ನಾಳೆ ಹೊರಡ್ತೇವೆ."

ಅಜ್ಜ ಜಟ್ಟು ಮುಖ ನೋಡ್ದ. ಜಟ್ಟು ಕಂಬ ನೋಡ್ದ.

"ನಾಳೆ ಬೇಡ, ತಂಗೀ," ಅಂದ ಅಜ್ಜ. "ನಂಗೆ ಆ ದೋಣೀಲಿ ಮೂರು ದಿನ ಕೂರೂಕೆ ಆಸೆ ಉಂಟು. ಆಮೇಲೆ ಹೋಗಿ."

ಹೇಳಿದವ್ನೇ ಚಾಪೆ ಸುತ್ತಿ ಬಗಲಲ್ಲಿಟ್ಟು ಹೊರಟ. ಎದೆಮಟ್ಟ ನೀರಲ್ಲಿ ಕಟ್ಟಿದ ದೋಣೀಲಿ ಹೋಗಿ ಕೂತ. ಗಂಜಿ ಅಲ್ಲಿಗೇ ಬಂತು. ನಿದ್ದೆಯೂ ಅಲ್ಲೇ. ಊರವರು ದಡದಲ್ಲಿ ನಿಂತು, "ಅಜ್ಜಾ, ಯಾವ ಬಂದರ ಮುಟ್ಟಿದ್ರಿ?" ಅಂತ ಕೂಗಿ ನಗಾಡಿದ್ರು. ಅಜ್ಜ ಬಲಗೈ ಎತ್ತಿ ಹಾಯಿ ಎಳೆದಂಗೆ ಮಾಡಿ ತೋರಿಸ್ದ.

ಜಟ್ಟು ದಿನಾ ಹೋಗಿ ಕೇಳ್ತಿದ್ದ.

"ಯಾರಿಗೆ ಕಾಯ್ತೀರಿ ಅಜ್ಜಾ?"

"ಬರೋರಿಗೆ."

ಮೂರನೇ ದಿನ ಮಧ್ಯಾಹ್ನ. ಮಂಕಾಳಿ ಅಜ್ಜನಿಗೆ ಗಂಜಿ ತಂದಿದ್ಲು. ಜಟ್ಟು, ಗಿರಿಜೆ ಜೊತೆಗಿದ್ರು, ಮೂವರೂ ನೀರಲ್ಲಿ, ದೋಣಿ ಅಂಚು ಹಿಡ್ಕೊಂಡು. ಇದ್ದಕ್ಕಿದ್ದಂಗೆ ದೋಣಿ ಒಳಗಿಂದ ಢಂ ಅಂತ ಒಂದು ಸದ್ದು. ಗುಂಡು ಹೊಡೆದಂಗೆ. ಎಡಬದಿಯ ಒಂದು ಹಲಗೆ ಮೊಳೆ ಕಿತ್ಕೊಂಡು ಹೊರಗೆ ಎದ್ದು ನಿಂತಿತು. ನೀರು ಭುಸ್ ಅಂತ ಒಳಗೆ ಬಂತು.

ದೋಣಿ ಮೆಲ್ಲಗೆ ಕೂತ್ಕೊಂಡ್ತು. ಅಜ್ಜನೂ ಕೂತೇ ಇದ್ದ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಅವನು ಎಲೆ ಅಗಿಯೂದು ಬಿಡ್ಲಿಲ್ಲ.

"ಬಂದ್ರು," ಅಂದ. "ಕೂರೂಕೆ ಜಾಗ ಇರ್ಲಿಲ್ಲ."

ಜಟ್ಟುಗೆ ಆಗ ಹೊಳೀತು. ಬರೋರು ಅಂದ್ರೆ ನೀರು. ಹನ್ನೊಂದು ವರ್ಷ ಒಣಗಿದ ಮರ ನೀರು ಕುಡಿದು ಉಬ್ಬೂದು. ಉಬ್ಬಿ ಉಬ್ಬಿ ತನ್ನ ಸಂದು ತಾನೇ ಮುಚ್ಚೂದು. ಅವನು ಆ ಜಾಗಕ್ಕೆ ಕಲ್ಲಿನಂಥಾ ಅಂಟು ತುಂಬಿಟ್ಟಿದ್ದ. ಇದೇ ಸದ್ದು ದಡ ಕಾಣದ ಕಡೆ ಆಗಿದ್ರೆ?

ಮಂಕಾಳಿ ಆ ಕಿತ್ತೆದ್ದ ಹಲಗೆ ಅಂಚು ಮುಟ್ಟಿ ನೋಡಿದ್ಲು. ಅಂಟು ಬಿಳೀ ಕಲ್ಲಾಗಿ ಬೆರಳಿಗೆ ತಾಗ್ತು.

"ಮುಳುಗಿಸಿದ್ದೆ ಅಂದ್ರಲ್ಲ?"

ಜಟ್ಟು ಅಂದ, "ಇಲ್ಲ."

ಅವಳು ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು.

"ನಾನು ಸಣ್ಣೋಳಿದ್ದಾಗ ಅಪ್ಪ ದೋಣೀಲಿ ಕೂರಿಸ್ಕೊಂಡು ಹೋಗಿದ್ದ," ಅಂದ್ಲು. "ಅಪ್ಪಾ ನೀರು ಬರ್ತದೆ ಅಂದೆ. ಎಲ್ಲುಂಟು ನೀರು, ನಿನ್ನ ತಲೆ ಅಂದ. ಇಡೀ ದಾರಿ ನಾನು ಕರಟದಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ತಾ ಇದ್ದೆ. ಅವನು ಇಡೀ ದಾರಿ ನೀರಿಲ್ಲ ಅಂತಾನೇ ಇದ್ದ."

ಮಗಳ ಕೈ ಹಿಡ್ಕೊಂಡು ದಡ ಹತ್ತಿ ಹೋದ್ಲು.

ಜಟ್ಟು ಅಜ್ಜನನ್ನ ಹೊತ್ಕೊಂಡು ಮೇಲೆ ತಂದ.

"ಅಜ್ಜಾ, ನಿಮಗೆ ಗೊತ್ತಿತ್ತು. ಅವತ್ತೇ ಅವಳೆದುರು ಹೇಳ್ಬಹುದಿತ್ತಲ್ಲ?"

"ದೋಣಿ ನಂದಾ?" ಅಂದ ಅಜ್ಜ. "ಪಂಚೆ ಹಿಂಡು. ಚಳಿ ಆಗ್ತದೆ."

ಮತ್ತೆ ಒಂದು ತಿಂಗಳು. ಜಟ್ಟು ಉಳಿ ಹಿಡಿದು ಅಂಟನ್ನ ಚೂರು ಚೂರೇ ಕೆತ್ತಿ ತೆಗೆದ. ಬೆರಳ ತುದಿ ಒಡೆದು ಹೋಯ್ತು. ಹೊಸ ಹಲಗೆ ಹಾಕ್ದ. ಹತ್ತಿ ಇಟ್ಟ, ರಾಳ ಬಳಿದ, ಜಾಗ ಬಿಟ್ಟ. ಅಜ್ಜನನ್ನ ಒಂದು ಮಾತೂ ಕೇಳ್ಲಿಲ್ಲ. ಅಜ್ಜ ಒಂದು ಮಾತೂ ಹೇಳ್ಲಿಲ್ಲ. ಮಂಕಾಳಿ ಮಡಚಿದ ಹಾಯಿ ಮಾತ್ರ ಕಟ್ಟೆ ಮೇಲೆ ಹಂಗೇ ಇತ್ತು.

ಒಂದಿನ ಬೆಳಿಗ್ಗೆ ಅವನು ಅಡಿಗೆಮನೆ ಬಾಗಿಲಿಗೆ ಬಂದು ನಿಂತ.

"ದೋಣಿ ಮುಳುಗಿಸ್ತೇನೆ. ನೋಡ್ತೀಯಾ?"

ಮಂಕಾಳಿ ದೋಸೆ ಕಾವಲಿ ಇಳಿಸಿ ಬಂದ್ಲು. ದಡದಲ್ಲಿ ಕೈ ಕಟ್ಟಿ ನಿಂತ್ಲು. ಜಟ್ಟು ಬಿರಡೆ ಕಿತ್ತು ಅವಳ ಕೈಗೆ ಕೊಟ್ಟ. ಕಲ್ಲು ಹೇರ್ದ. ಕೋಳಿಗೂಡು, ಮೂರು ತಿಂಗಳು, ಮತ್ತೊಂದು ತಿಂಗಳು, ಎಲ್ಲಾ ಗುಳುಗುಳು ಅಂತ ನೀರೊಳಗೆ ಹೋಯ್ತು.

ಒಂಬತ್ತು ದಿನ ಗಿರಿಜೆ ದಿನಾ ವರದಿ ತರ್ತಿದ್ಲು. "ಅಪ್ಪಾ, ಇವತ್ತು ನಮ್ಮ ದೋಣೀಲಿ ಮರಿಮೀನು ಬಂದದೆ. ಒಂದು ಏಡಿ ನಿನ್ನ ಜಾಗದಲ್ಲಿ ಕೂತದೆ."

ಹತ್ತನೇ ದಿನ ಇಳಿತದಲ್ಲಿ ನೀರು ಕೆಳಗೆ ಹೋದಾಗ ಕಲ್ಲು ತೆಗೆದ್ರು. ನೀರು ಮೊಗೆದು ಚೆಲ್ಲಿದ್ರು. ಮಂಕಾಳಿ ಬಿರಡೆ ತಂದು ಕೊಟ್ಲು, ಜಟ್ಟು ಬಡಿದ. ಭರತದ ನೀರು ಏರ್ತು. ದೋಣಿ ಮೈಮುರ್ಕೊಂಡು ಎದ್ದು ತೇಲ್ತು.

ಜಟ್ಟು ಒಳಗೆ ಇಳಿದು ಬಟ್ಟೆ ಹಿಡಿದು ಅಂಗುಲ ಅಂಗುಲ ಒರಸ್ದ. ಮೂತಿ ಒಣ. ನಡು ಒಣ. ಸಂದು ಎಲ್ಲಿತ್ತು ಅಂತ ಹುಡುಕ್ಬೇಕು, ಹಂಗೆ ಕೂಡಿತ್ತು. ಹಿಂದೆ ಚುಕ್ಕಾಣಿ ಬುಡಕ್ಕೆ ಬಂದ. ಅಲ್ಲಿ ಒಂದು ಹನಿ ನಿಂತಿತ್ತು. ಒರಸ್ದ. ಸ್ವಲ್ಪ ಹೊತ್ತಿಗೆ ಮತ್ತೊಂದು ಹುಟ್ತು.

ಮಂಕಾಳಿ ದಡದಲ್ಲಿದ್ಲು. ಅಲ್ಲಿಂದ ಕಾಣೂದಿಲ್ಲ. ಅವನ ಕೈಲಿ ಬಟ್ಟೆ ಇತ್ತು. ಒಂದು ಹನಿ ಕಂಡ್ರೂ ಕಾಲಿಡೂದಿಲ್ಲ ಅಂದಿದ್ಲು.

ಜಟ್ಟು ಬಟ್ಟೆ ಪಕ್ಕಕ್ಕೆ ಹಾಕ್ದ.

"ಮಂಕಾಳೀ, ಬಾ ಇಲ್ಲಿ. ಇಲ್ಲೊಂದು ಕಡೆ ಸೋರ್ತದೆ."

ಅವಳು ನೀರಿಗೆ ಇಳಿದು ಬಂದ್ಲು. ದೋಣಿ ಅಂಚು ಹಿಡ್ಕೊಂಡು ಬಗ್ಗಿ ನೋಡಿದ್ಲು. ಹನಿ ಹುಟ್ಟಿ, ದಪ್ಪ ಆಗಿ, ಜಾರಿ ಹೋಗೂದನ್ನ ನೋಡಿದ್ಲು. ಇನ್ನೊಂದು ಹುಟ್ಟೂವರೆಗೆ ಕಾದ್ಲು.

"ಇದೊಂದೇ ಕಡೆಯಾ?"

"ನಂಗೆ ಕಂಡದ್ದು ಇದೊಂದೇ. ಇನ್ನೆಲ್ಲಾದ್ರೂ ಕಂಡ್ರೆ ಕರೀತೇನೆ."

ಮಂಕಾಳಿ ಸೀರೆ ಎತ್ತಿ ಕಟ್ಟಿ ಕಾಲು ಒಳಗೆ ಹಾಕಿದ್ಲು. ಸರಿಯಾಗಿ ಆ ಹನಿ ಪಕ್ಕದಲ್ಲೇ ಕೂತ್ಕೊಂಡ್ಲು.

"ಗಿರಿಜೇ, ಒಂದು ಕರಟ ತಾ. ಹಾಯೀನೂ ತಾ."

ಗಿರಿಜೆ ಓಡಿದ್ಲು. ಜಟ್ಟು ದೋಣಿಯಿಂದ ಹಾರಿ ಚಪ್ಪರಕ್ಕೆ ಬಂದ. ಮೈಯೆಲ್ಲ ನೀರು. ಮುಖದ ಮೇಲಿದ್ದದ್ದು ಹೊಳೆ ನೀರೋ ಎಂತದೋ.

"ಅಜ್ಜಾ, ಚುಕ್ಕಾಣಿ ಬುಡದಲ್ಲಿ ಇನ್ನೂ ಒಂದು ಹನಿ ಬರ್ತದೆ. ಅದನ್ನೂ ನಿಲ್ಲಿಸೂದು ಹೆಂಗೆ?"

ಅಜ್ಜ ಕಣ್ಣಿಗೆ ಕೈ ಅಡ್ಡ ಹಿಡಿದು, ದೋಣೀಲಿ ಕೂತ ಮಂಕಾಳೀನ ನೋಡ್ದ.

"ನಿಲ್ಲಿಸ್ಬೇಡ, ತಮಾ. ಅದನ್ನ ನೋಡಿಯೇ ಅವಳು ಹತ್ತಿದ್ದು."