ಗದ್ದುಗೆ ಕೋಣೆಯ ಸರ್ವರ್

ಕಪಿಲಾ ನದಿಯ ದಡದಲ್ಲಿ ಒಂದು ಸಣ್ಣ ಮಠ. ಸ್ವಾಮಿಗಳು ಒಬ್ಬರು, ಶಿಷ್ಯ ಒಬ್ಬ. ಊಟಕ್ಕೆ ಬರುವವರು ಮಾತ್ರ ಬೇಕಾದಷ್ಟು ಜನ.

ಶಿಷ್ಯನ ಹೆಸರು ಪಂಚಾಕ್ಷರಿ. ವಯಸ್ಸು ನಲವತ್ತು ದಾಟಿತ್ತು. ಮಠ ಸೇರುವ ಮೊದಲು ಪೇಟೆಯಲ್ಲಿ ರೇಡಿಯೊ, ಟೀವಿ ರಿಪೇರಿ ಮಾಡುತ್ತಿದ್ದ. ತಂತಿ ಕಂಡರೆ ಅವನಿಗೆ ಈಗಲೂ ಕೈ ತುರಿಸುತ್ತಿತ್ತು.

ತತ್ವಪದ ಹಾಡುವ ಚಿಕ್ಕತಾಯಮ್ಮ ಎಂಬ ಮುದುಕಿಯನ್ನು ಮೂರು ತಿಂಗಳು ಮಠದ ಜಗಲಿಯಲ್ಲಿ ಕೂರಿಸಿಕೊಂಡು ಅವನು ನಲವತ್ತು ಪದ ರೆಕಾರ್ಡ್ ಮಾಡಿದ್ದ. ಮುಗಿದ ವಾರಕ್ಕೇ ಆಕೆ ತೀರಿಕೊಂಡಳು. ಆ ಪದಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ. ಪಂಚಾಕ್ಷರಿ ಅವನ್ನು ಒಂದು ಪುಟ್ಟ ಸರ್ವರ್ ಪೆಟ್ಟಿಗೆಗೆ ತುಂಬಿದ. ಮಠಕ್ಕೆ ಬಂದವರು ವೈಫೈ ಹಿಡಿದು ತಮ್ಮ ಮೊಬೈಲಿನಲ್ಲೇ ಕೇಳಲಿ ಎಂಬುದು ಅವನ ಆಸೆ.

ಪೆಟ್ಟಿಗೆಯನ್ನೂ ವೈಫೈ ರೂಟರನ್ನೂ ಗದ್ದುಗೆಯ ಕೋಣೆಯಲ್ಲಿ ಇಟ್ಟ. ಮಠ ಕಟ್ಟಿದ ಹಿರಿಯರ ಸಮಾಧಿ ಇರುವ ಕೋಣೆ ಅದು. ಬೆಲೆಬಾಳುವುದೆಲ್ಲ ಅಲ್ಲೇ ಇರಬೇಕು, ಒಮ್ಮೆ ಒಳಗೆ ಹೋದದ್ದು ಹೊಸಿಲು ದಾಟಿ ಹೊರಗೆ ಬರಬಾರದು ಎಂಬುದು ಮಠದ ಕಟ್ಟಲೆ.

ಪದಗಳು ಭದ್ರವಾಗಿದ್ದವು. ಆದರೆ ಯಾರಿಗೂ ಕೇಳಿಸಲಿಲ್ಲ.

“ಬುದ್ಧಿ, ಊಟದ ಮನೆಗೆ ಸಿಗ್ನಲ್ಲೇ ಬತ್ತಾ ಇಲ್ಲ,” ಎಂದು ಪಂಚಾಕ್ಷರಿ ಸ್ವಾಮಿಗಳಿಗೆ ಹೇಳಿದ. “ಒಂದು ರಿಪೀಟರ್ ತರಿಸ್ದೆ. ಬಂದ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸ್ತದೆ. ಅದನ್ನ ಊಟದ ಮನೇಲೇ ಸಿಗಿಸಿದೀನಿ. ಆದ್ರೂ ಇಲ್ಲ.”

ಸ್ವಾಮಿಗಳು ಎದ್ದು ಗದ್ದುಗೆಯ ಕೋಣೆಗೆ ನಡೆದರು.

“ನೀನು ಹೋಗಿ ಊಟದ ಮನೇಲಿ ನಿಂತ್ಕೊ. ನಾನು ಇಲ್ಲಿ ಒಂದು ಮಾತು ಹೇಳ್ತೀನಿ. ಅದನ್ನ ಅಲ್ಲಿರೋರಿಗೆ ಗಟ್ಟಿಯಾಗಿ ಹೇಳು.”

ಬಾಗಿಲು ಮುಚ್ಚಿತು.

ಪಂಚಾಕ್ಷರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೋಗಿ ನಿಂತ. ಪಂಕ್ತಿಯಲ್ಲಿ ಕೂತವರು ಅವನ ಮುಖ ನೋಡಿದರು. ಅವನು ಅವರ ಮುಖ ನೋಡಿದ. ಎಲೆಯ ಮೇಲಿನ ಸಾರು ಆರುವವರೆಗೂ ಹಾಗೇ ನಿಂತಿದ್ದ.

ಸ್ವಾಮಿಗಳು ಬಂದರು. “ಹೇಳಿದ್ಯಾ?”

“ಏನಂತ ಹೇಳ್ಲಿ ಬುದ್ಧಿ? ನನ್ನ ಕಿವಿಗೇ ಏನೂ ಬೀಳಲಿಲ್ಲವಲ್ಲ.”

“ನಿನ್ನ ರಿಪೀಟರ್‌ಗೆ ಬಿತ್ತಾ?”

ಪಂಚಾಕ್ಷರಿ ಗದ್ದುಗೆಯ ಕೋಣೆಯತ್ತ ತಿರುಗಿ ನೋಡಿದ. ಗದ್ದುಗೆಯ ಗೋಡೆ ಎರಡು ಮೊಳ ದಪ್ಪದ ಕಲ್ಲು. ಇಷ್ಟು ವರ್ಷ ರಿಪೇರಿ ಮಾಡಿದವನಿಗೆ ಇದು ಹೊಳೆಯಬಾರದಿತ್ತೇ ಎಂದು ನಾಚಿಕೆಯಾಯಿತು.

“ಹಂಗಾದ್ರೆ ರೂಟರನ್ನ ಹೊರಗೆ ತರಬೇಕು. ತರೋ ಹಂಗಿಲ್ಲವಲ್ಲ ಬುದ್ಧಿ, ಕಟ್ಟಲೆ.”

“ನಾನು ದಿನಾ ಒಳಗೆ ಹೋಗಿ ಹೊರಗೆ ಬತ್ತೀನಲ್ಲ. ನಾನೇನು ಬೆಲೆ ಇಲ್ಲದೋನಾ?”

ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ಪಂಚಾಕ್ಷರಿ ಹೋಗಿ ರೂಟರನ್ನು ಎತ್ತಿಕೊಂಡು ಬಂದ. ಒಳಗಿನ ಪೆಟ್ಟಿಗೆಯಿಂದ ಜಗಲಿಯವರೆಗೆ ತಂತಿ ಎಳೆದು ರೂಟರನ್ನು ಅಲ್ಲಿ ಕೂರಿಸಿದ. ರಿಪೀಟರನ್ನು ಅಂಗಳದ ನಡುವಿನ ಕಂಬಕ್ಕೆ ಏರಿಸಿದ.

ಮರುದಿನ ಮಧ್ಯಾಹ್ನ ಊಟದ ಮನೆಯಲ್ಲಿ ಚಿಕ್ಕತಾಯಮ್ಮ ಹಾಡಿದಳು. ತುತ್ತು ಎತ್ತಿದವರು ತುತ್ತು ಕೈಯಲ್ಲೇ ಹಿಡಿದು ಕೂತರು. ಪಂಚಾಕ್ಷರಿಗೆ ಕಣ್ಣು ತುಂಬಿ ಬಂತು.

ಮಳೆಗಾಲ ಬಂತು. ಹೊಳೆ ಸ್ನಾನಘಟ್ಟದ ಮೆಟ್ಟಿಲನ್ನು ಒಂದೊಂದಾಗಿ ನುಂಗತೊಡಗಿತು.

“ಪದಗಳು ಎಲ್ಲಿ ಅವೆ?” ಎಂದು ಸ್ವಾಮಿಗಳು ಕೇಳಿದರು.

“ಪೆಟ್ಟಿಗೆಲಿ ಬುದ್ಧಿ. ಅದು ಕೆಟ್ಟುಹೋದ್ರೂ ಹಾರ್ಡ್ ಡಿಸ್ಕಲ್ಲಿ ಇನ್ನೊಂದು ಕಾಪಿ ಅದೆ.”

“ಡಿಸ್ಕು ಎಲ್ಲಿ ಅದೆ?”

“ಪೆಟ್ಟಿಗೆ ಪಕ್ಕದಲ್ಲೇ.”

“ಪೆಟ್ಟಿಗೆ ಮುಳುಗಿದ್ರೆ ಡಿಸ್ಕು ಈಜ್ತದಾ?”

“ಗದ್ದುಗೆಗೆ ನೀರು ಬರಲ್ಲ ಬುದ್ಧಿ. ಹೊಸಿಲಿಗೆ ಕೈಮುಗಿದು ವಾಪಸ್ ಹೋಯ್ತದೆ ಅಂತ ಹಿರಿಯರು ಹೇಳವ್ರೆ.”

“ಹೊಳೆಗೆ ಯಾರು ಹೇಳವ್ರೆ?”

ಸ್ವಾಮಿಗಳು ತಾವೇ ಒಳಗೆ ಹೋಗಿ ಡಿಸ್ಕ್ ತಂದು ಅವನ ಕೈಗಿಟ್ಟರು. “ದಿಬ್ಬದ ಊರಿನ ಗೌರಾಂಬ ಟೀಚರ್ ಮನೇಲಿ ಕೊಟ್ಟು ಬಾ.”

ಪಂಚಾಕ್ಷರಿಗೆ ಗೊಂದಲವಾಯಿತು. ದಿಬ್ಬದ ಊರು ಎರಡು ಹರದಾರಿ ದೂರ. “ಅವ್ರು ಮಠದ ಕಡೆ ತಲೆ ಹಾಕಿದೋರೇ ಅಲ್ಲವಲ್ಲ ಬುದ್ಧಿ?”

“ಹೊಳೆನೂ ಅವ್ರ ಮನೆ ಕಡೆ ತಲೆ ಹಾಕಿಲ್ಲ.”

ಅವನು ಹೋಗಿ ಕೊಟ್ಟ. ಗೌರಾಂಬ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟರು. ಪಂಚಾಕ್ಷರಿ ನಿರಾಳವಾಗಿ ಮರಳಿದ. ಆ ವಾರ ಚೆನ್ನಾಗಿ ನಿದ್ದೆಯನ್ನೂ ಮಾಡಿದ.

ಎಂಟನೆಯ ದಿನ ಬೆಳಿಗ್ಗೆ ಗದ್ದುಗೆಯ ಕೋಣೆಯಲ್ಲಿ ಪೆಟ್ಟಿಗೆ ಇರಲಿಲ್ಲ. ತಂತಿಯ ತುದಿ ನೆಲದ ಮೇಲೆ ಬಿದ್ದಿತ್ತು.

ಪಂಚಾಕ್ಷರಿ ಹೊರಗೋಡಿ ಬಂದ. “ಬುದ್ಧಿ! ಪೆಟ್ಟಿಗೆ ಇಲ್ಲ!”

“ಹೊಳೆ ಬಂತು,” ಎಂದರು ಸ್ವಾಮಿಗಳು.

“ಹೊಳೆ ಇನ್ನೂ ಮೆಟ್ಟಿಲಲ್ಲೇ ಅದಲ್ಲ ಬುದ್ಧಿ?”

“ಬಂತು ಅಂದೆ. ಹೋಗಿ ಪದಗಳನ್ನ ತಗೊಂಡು ಬಾ.”

ಕಳ್ಳತನವೋ, ತಮಾಷೆಯೋ, ಪರೀಕ್ಷೆಯೋ? ಪಂಚಾಕ್ಷರಿಗೆ ಒಂದೂ ತಿಳಿಯಲಿಲ್ಲ. ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ದಿಬ್ಬದ ಊರಿಗೆ ಓಡಿದ.

ಗೌರಾಂಬ ಸೀರೆ ಸರಿಸಿ ಡಿಸ್ಕ್ ಕೊಟ್ಟರು. ಅವನು ತೆರೆದು ನೋಡಿದ. ಇಪ್ಪತ್ತೊಂಬತ್ತು ಪದಗಳಿದ್ದವು.

ಮತ್ತೆ ಎಣಿಸಿದ. ಇಪ್ಪತ್ತೊಂಬತ್ತೇ.

ಆಗ ನೆನಪಾಯಿತು. ರೆಕಾರ್ಡ್ ಮಾಡುತ್ತಿದ್ದಾಗ, ಎರಡನೆಯ ತಿಂಗಳ ಕೊನೆಯಲ್ಲಿ ಒಂದು ಸಲ ಡಿಸ್ಕಿಗೆ ಕಾಪಿ ಮಾಡಿದ್ದ. ಆಮೇಲೆ ಮಾಡಿರಲೇ ಇಲ್ಲ. ಉಸಿರು ಸಾಲದೆ ನಡುನಡುವೆ ನಿಲ್ಲಿಸಿ, ನೀರು ಕುಡಿದು, ಆಕೆ ಕೊನೆಯಲ್ಲಿ ಹಾಡಿದ ಹನ್ನೊಂದು ಪದ ಅದರಲ್ಲಿ ಇರಲಿಲ್ಲ. “ಈ ಪದಗಳ್ನ ನನ್ ಮಗಳಿಗೂ ಹೇಳ್ಕೊಟ್ಟಿಲ್ಲ ಕಣಪ್ಪ, ನಿನ್ ಕೈಗೆ ಹಾಕ್ತಿವ್ನಿ,” ಎಂದು ಹೇಳಿ ಹಾಡಿದ್ದ ಪದಗಳು.

ಪಂಚಾಕ್ಷರಿ ಅವರ ಹಜಾರದಲ್ಲೇ ಕೂತು ಅತ್ತ.

ಗೌರಾಂಬ ಕೇಳಿದರು, “ಕೊಡೋ ದಿನವೇ ಒಂದ್ಸಲ ತೆಗೆದು ನೋಡಬಾರದಿತ್ತಾ?”

ಅವನು ಮಠಕ್ಕೆ ಮರಳಿದಾಗ ಸ್ವಾಮಿಗಳು ಜಗಲಿಯಲ್ಲಿ ಕೂತು ಅವರೆಕಾಳು ಹಸನು ಮಾಡುತ್ತಿದ್ದರು.

“ಹನ್ನೊಂದು ಪದ ಹೋದವು ಬುದ್ಧಿ,” ಎಂದ. “ಕಾಪಿ ಅದೆ, ಕಾಪಿ ಅದೆ ಅಂತ್ಲೇ ಇದ್ದೆ. ಅದರೊಳಗೆ ಏನದೆ ಅಂತ ನೋಡ್ಲೇ ಇಲ್ಲ. ನನ್ನ ನಂಬಿ ಹಾಡಿದ್ಲು ಆ ತಾಯಿ.”

ಸ್ವಾಮಿಗಳು ಮೊರ ಕೆಳಗಿಟ್ಟು ಉಗ್ರಾಣಕ್ಕೆ ಹೋದರು. ಅಕ್ಕಿ ಮೂಟೆಯ ಹಿಂದಿನಿಂದ ಪೆಟ್ಟಿಗೆಯನ್ನು ತೆಗೆದು ತಂದು ಅವನ ಮುಂದಿಟ್ಟರು.

ಪಂಚಾಕ್ಷರಿ ಕಣ್ಣು ಕಣ್ಣು ಬಿಟ್ಟ. ಪೆಟ್ಟಿಗೆಯನ್ನು ಅವುಚಿಕೊಂಡ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ. ಆಮೇಲೆ ಸಿಟ್ಟೂ ಬಂತು.

“ಇಲ್ಲೇ ಇತ್ತಾ? ಬಾಯಲ್ಲಿ ಹೇಳಿದ್ರೆ ಸಾಕಾಗಿತ್ತಲ್ಲ ಬುದ್ಧಿ. ಯಾಕೆ ಹಿಂಗೆ ಜೀವ ತೆಗೆದ್ರಿ?”

ಸ್ವಾಮಿಗಳು ಮತ್ತೆ ಮೊರವನ್ನು ಕೈಗೆತ್ತಿಕೊಂಡರು.

“ಎತ್ಕೊಂಡು ಹೋದೋನು ನಾನು, ಅದಕ್ಕೆ ವಾಪಸ್ ತಂದ್ಕೊಟ್ಟೆ. ಹೊಳೆಗೆ ಆ ಅಭ್ಯಾಸ ಇಲ್ಲ.”